ಧಣಿಯ ಗ್ಲೋ ಪ್ಲಗ್

ಜನವರಿ 11

ಕಾಗದದ ತಲೆಯ ಮೇಲೆ ಏನು ಬರೆಯಬೇಕೆಂದು ತಿಳಿಯದೆ ಹಾಳೆಯ ಮೇಲೆ ಹಾಳೆ ಹರಿದೆ. ‘ಪ್ರೀತಿಯ ಸೊಸೆಗೆ’ ಎನ್ನಲು ಈಗ ನನಗೆ ಅಧಿಕಾರವಿಲ್ಲ. ನಿನಗೂ ನನ್ನ ಮಗನಿಗೂ ಕೋರ್ಟು ಬೇರೆ ಬೇರೆ ದಾರಿ ತೋರಿಸಿ ಅರ್ಧ ವರ್ಷವಾಯಿತು. ‘ಮಾನ್ಯರೇ’ ಎಂದರೆ ನೀನು ನಗುತ್ತೀಯ. ಹಾಗಾಗಿ ಆ ಜಾಗ ಖಾಲಿ ಬಿಟ್ಟಿದ್ದೇನೆ. ಫೋನ್ ಮಾಡಬಹುದಿತ್ತು, ಆದರೆ ಹಲೋ ಆದ ಮೇಲೆ ಏನಾದರೊಂದು ಕರೆಯಲೇಬೇಕಲ್ಲ. ನಿನ್ನ ಹೊಸ ವಿಳಾಸ ವಕೀಲರ ಲಕೋಟೆಯ ಮೇಲಿತ್ತು, ಅಲ್ಲಿಂದ ಕದ್ದೆ.

ವಿಷಯ ಇಷ್ಟೇ. ಧಣಿಗಳು ಮತ್ತೆ ಕೂತುಬಿಟ್ಟಿದ್ದಾರೆ. ಸಂಜೆ ನಿಲ್ಲಿಸುವಾಗ ನೆಟ್ಟಗಿರುತ್ತಾರೆ. ಬೆಳಿಗ್ಗೆ ಹೋಗಿ ನೋಡಿದರೆ ಹಿಂಭಾಗವೆಲ್ಲ ನೆಲಕ್ಕೆ, ಭರ್ಜರಿ ಊಟ ಹೊಡೆದು ಏಳಲಾರದ ಯಜಮಾನರ ಹಾಗೆ. ಸ್ಟಾರ್ಟ್ ಮಾಡಿದರೆ ಗುರ್ರೆಂದು ನಿಧಾನವಾಗಿ ಏಳುತ್ತಾರೆ, ಅದೂ ಮನಸ್ಸಿದ್ದರೆ. ಕಾರಿಗೆ ಆ ಹೆಸರಿಟ್ಟವಳು ನೀನು. ‘ಇದು ದುಡಿಯೋ ಗಾಡಿ ಅಲ್ಲ, ನಮ್ಮನ್ನ ದುಡಿಸ್ಕೊಳ್ಳೋ ಗಾಡಿ’ ಅಂದಿದ್ದೆ. ಕಂಪನಿಯ ವರ್ಕ್‌ಶಾಪಿನವರು ಹತ್ತಿರ ಬಂದು ನೋಡುವ ಮೊದಲೇ ತಲೆ ಅಲ್ಲಾಡಿಸಿದರು. ಇಷ್ಟು ಹಳೆಯ ಗಾಡಿಯನ್ನು ಅವರು ಮುಟ್ಟುವುದಿಲ್ಲವಂತೆ.

ನೀನು ಇದ್ದಾಗ ರಜೆಯ ದಿನಗಳಲ್ಲಿ ನಾವೇ ರಿಪೇರಿ ಮಾಡುತ್ತಿದ್ದೆವು. ಅಂದರೆ, ನೀನು ಮಾಡುತ್ತಿದ್ದೆ, ನಾನು ಸ್ಪ್ಯಾನರ್ ಕೊಡುತ್ತಿದ್ದೆ. ಈಗ ಎರಡೂ ನಾನೇ ಮಾಡೋಣವೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಇತಿ,
ಕಾರಿನ ಮಾಲೀಕ


ಜನವರಿ 19

ಮಾನ್ಯರೇ,

ನಗಲಿಲ್ಲ. ಸ್ವಲ್ಪ ನಕ್ಕೆ.

ನಿಮ್ಮ ಕಾರಿನ ಹಿಂದಿನ ಎರಡು ಚಕ್ರಗಳ ಬಳಿ ಸ್ಪ್ರಿಂಗಿನ ಬದಲು ರಬ್ಬರಿನ ಗಾಳಿಚೀಲಗಳಿವೆ. ಗಾಳಿ ಎಲ್ಲೋ ಸೋರುತ್ತಿದೆ. ಸೋಪಿನ ನೀರು ಕಲಸಿ, ಚೀಲದ ಮೇಲೂ ಅದಕ್ಕೆ ಗಾಳಿ ತರುವ ಸಣ್ಣ ಪೈಪಿನ ಕೀಲಿನ ಮೇಲೂ ಬ್ರಶ್ಶಿನಿಂದ ಹಚ್ಚಿ. ಎಲ್ಲಿ ಗುಳ್ಳೆ ಏಳುತ್ತದೋ ಅಲ್ಲೇ ತೂತು. ಚಿತ್ರ ಬರೆದು ಜೊತೆಗಿಟ್ಟಿದ್ದೇನೆ. ಬೇಗ ಹುಡುಕಿ. ಸೋರಿಕೆ ಹೀಗೇ ಬಿಟ್ಟರೆ ಗಾಳಿ ತುಂಬುವ ಕಂಪ್ರೆಸರ್ ಓಡಿ ಓಡಿ ಸುಟ್ಟುಹೋಗುತ್ತದೆ.

ಇನ್ನೊಂದು ಮಾತು. ಜಾಕ್ ಒಂದನ್ನೇ ನಂಬಿ ಗಾಡಿಯ ಕೆಳಗೆ ತಲೆ ಹಾಕಬೇಡಿ. ಕಬ್ಬಿಣದ ಸ್ಟ್ಯಾಂಡ್‌ಗಳು ಗ್ಯಾರೇಜಿನ ಮೂಲೆಯಲ್ಲಿ, ಹಳೆಯ ಕನ್ನಡಿಗಳ ಹಿಂದೆ ಇವೆ. ಅವನ್ನು ಇಟ್ಟಿರೋ ಇಲ್ಲವೋ ಎಂದು ಇಲ್ಲಿಂದ ನನಗೆ ಬಗ್ಗಿ ನೋಡಲಾಗುವುದಿಲ್ಲ.

ನಾನು ಚೆನ್ನಾಗಿದ್ದೇನೆ. ದೊಡ್ಡ ಆಸ್ಪತ್ರೆಯ ಲಿಫ್ಟುಗಳೆಲ್ಲ ಈಗ ನನ್ನ ಕೈಕೆಳಗೆ. ಲಿಫ್ಟಿಗೂ ಧಣಿಗೂ ವ್ಯತ್ಯಾಸ ಏನೂ ಇಲ್ಲ, ಎರಡೂ ಮನಸ್ಸು ಬಂದಾಗ ಏಳುತ್ತವೆ.

ಇತಿ,
ಲಿಫ್ಟ್ ಮೆಕ್ಯಾನಿಕ್


ಜನವರಿ 30

ನಿನ್ನ ಕಾಗದದಲ್ಲಿ ಜಾಕ್ ವಿಷಯ ಬರೆದಿರುವ ಸಾಲಿನ ಮೊದಲಲ್ಲಿ ಒಂದು ಪದ ಬರೆದು ಗೀಚಿ ಹಾಕಿದ್ದೀಯ. ನಾನು ಕನ್ನಡಕದ ವ್ಯಾಪಾರಿ, ಭೂತಗನ್ನಡಿ ನನ್ನ ಮೇಜಿನ ಮೇಲೇ ಇರುತ್ತದೆ. ದೀಪಕ್ಕೆ ಹಿಡಿದು ಓದಿದೆ. ‘ಮಾವ’ ಎಂದಿತ್ತು. ಗೀಚುವ ಅವಶ್ಯಕತೆ ಇರಲಿಲ್ಲ. ಮಾವ ಎಂದು ದಾರಿಯಲ್ಲಿ ಹೋಗುವವರನ್ನೂ ಕರೆಯುತ್ತಾರೆ, ಅದಕ್ಕೆ ಕೋರ್ಟಿನ ಅಪ್ಪಣೆ ಬೇಕಿಲ್ಲ.

ಸೋಪಿನ ನೀರಿನ ಕೆಲಸ ಮಾಡಿದೆ. ಸ್ಟ್ಯಾಂಡ್ ಇಟ್ಟೇ ಮಾಡಿದೆ, ಬೇಕಾದರೆ ಆಣೆ ಮಾಡುತ್ತೇನೆ. ಬಲಗಡೆಯ ಪೈಪಿನ ಕೀಲಿನಲ್ಲಿ ಒಂದು ಸಣ್ಣ ಗುಳ್ಳೆ ಬಂತು, ಒಡೆಯಿತು, ಮತ್ತೆ ಬಂತು. ಎಷ್ಟು ಹೊತ್ತು ನೋಡುತ್ತ ಮಲಗಿದ್ದೆನೋ ತಿಳಿಯದು. ಆಮೇಲೆ ನಾನು ಏನು ಮಾಡಿದೆ ಗೊತ್ತೇ? ಗಾಡಿಯ ಕೆಳಗಿನಿಂದ ಕೈ ಚಾಚಿ ‘ಹದಿಮೂರರ ಸ್ಪ್ಯಾನರ್ ಕೊಡು’ ಎಂದೆ. ಕೊಡುವವರು ಯಾರೂ ಇರಲಿಲ್ಲ. ಕೈ ಚಾಚಿಕೊಂಡೇ ಸ್ವಲ್ಪ ಹೊತ್ತು ಇದ್ದೆ. ಮುಜುಗರವಾಯಿತು, ಎದ್ದು ಬಂದೆ.

ಪೈಪನ್ನು ಮುಂದೆ ಏನು ಮಾಡಬೇಕು, ಬರೆ.

ಇತಿ,
ಕಾರಿನ ಮಾಲೀಕ


ಫೆಬ್ರವರಿ 9

ಪೈಪಿನ ತುದಿ ಸೀಳಿದೆ, ಅಷ್ಟೇ. ಕೀಲಿನ ನಟ್ಟನ್ನು ನಿಧಾನವಾಗಿ ಸಡಿಲ ಮಾಡಿ. ಬುಸ್ ಎಂದು ಗಾಳಿ ಹೊರಡುತ್ತದೆ, ಗಾಬರಿಯಾಗಬೇಡಿ. ಹೊಸ ಬ್ಲೇಡಿನಿಂದ ಪೈಪಿನ ತುದಿಯನ್ನು ಬೆರಳಗಲ ಕತ್ತರಿಸಿ. ನೇರವಾಗಿ ಕತ್ತರಿಸಬೇಕು, ಓರೆಯಾದರೆ ಮತ್ತೆ ಸೋರುತ್ತದೆ. ಆಮೇಲೆ ಹೊಸ ಕೀಲು ಹಾಕಿ ಕೊನೆಯವರೆಗೂ ಒತ್ತಿ ಬಿಗಿ ಮಾಡಿ. ಗಾಜನ್ನು ಕೂದಲೆಳೆಯಷ್ಟು ಉಜ್ಜುವ ಕೈ ನಿಮ್ಮದು, ಇದೇನು ಮಹಾ.

ಒಬ್ಬರೇ ಕೆಲಸ ಮಾಡುವಾಗ ಬೇಕಾದ ಸ್ಪ್ಯಾನರ್‌ಗಳನ್ನೆಲ್ಲ ಮೊದಲೇ ಪಕ್ಕದಲ್ಲಿ ಸಾಲಾಗಿ ಜೋಡಿಸಿಟ್ಟುಕೊಳ್ಳಬೇಕು. ಇಲ್ಲಿಗೆ ಬಂದ ಹೊಸದರಲ್ಲಿ ನಾನೂ ಕೈ ಚಾಚುತ್ತಿದ್ದೆ.

ಇತಿ,
ಲಿಫ್ಟ್ ಮೆಕ್ಯಾನಿಕ್


ಫೆಬ್ರವರಿ 24

ಧಣಿಗಳು ಎದ್ದು ನಿಂತಿದ್ದಾರೆ! ವಾರದಿಂದ ಕೂತಿಲ್ಲ. ಬೆಳಿಗ್ಗೆ ಬಾಗಿಲು ತೆರೆದರೆ ನನಗಿಂತ ನೆಟ್ಟಗಿರುತ್ತಾರೆ. ಊರು ಸುತ್ತಿಸಿಕೊಂಡು ಬಂದೆ. ಪೆಟ್ರೋಲ್ ಬಂಕಿನವನಿಗೆ ನನ್ನನ್ನು ಕಂಡು ಬಹಳ ಸಂತೋಷವಾಯಿತು. ಧಣಿಗಳು ಪೆಟ್ರೋಲ್ ಕುಡಿಯುವ ಪರಿ ನೋಡಿ ಪಕ್ಕದ ಸ್ಕೂಟರಿನವರು ಅಯ್ಯೋ ಪಾಪ ಎಂದರು.

ಒಳಗಿನ ಬಾಗಿಲ ಹಿಡಿಯೊಂದು ಸೊಟ್ಟಗಾಗಿತ್ತಲ್ಲ, ಅದನ್ನೂ ಸರಿಮಾಡಿದೆ. ಕನ್ನಡಕದ ಫ್ರೇಮ್ ಬಿಸಿ ಮಾಡುವ ಯಂತ್ರದಲ್ಲಿಟ್ಟು, ಮೆತ್ತಗಾದ ಮೇಲೆ ಬೆರಳಿನಲ್ಲೇ ಬಗ್ಗಿಸಿದೆ. ಅಂಗಡಿಯಲ್ಲಿದ್ದ ಗಿರಾಕಿಯೊಬ್ಬರು ‘ಇದ್ಯಾರ ಕನ್ನಡಕ ಸಾರ್, ಇಷ್ಟು ದೊಡ್ಡ ಕಾಲು?’ ಎಂದು ಕೇಳಿದರು. ‘ನಮ್ಮ ಧಣಿಗಳದು’ ಎಂದೆ.

ಇದನ್ನು ಹೇಳಿ ನಗಲು ಮನೆಯಲ್ಲಿ ಯಾರೂ ಇಲ್ಲವಾದ್ದರಿಂದ ನಿನಗೆ ಬರೆಯುತ್ತಿದ್ದೇನೆ. ನಮ್ಮ ಮನೆಯವರಲ್ಲಿ ನನಗೆ ಗಿರಾಕಿಯಾಗದೆ ಉಳಿದವಳು ನೀನೊಬ್ಬಳೇ. ಹೊಸದಾಗಿ ಮದುವೆಯಾಗಿ ಬಂದಾಗ ನಿನ್ನ ಕಣ್ಣು ಪರೀಕ್ಷೆ ಮಾಡಿದ್ದು ನೆನಪಿದೆಯೇ? ಬೋರ್ಡಿನ ಕೊನೆಯ ಸಾಲು ಓದಿ, ಅದರ ಕೆಳಗೆ ಇರುವೆಯಂಥ ಅಕ್ಷರದಲ್ಲಿದ್ದ ಅಚ್ಚುಕೂಟದ ಹೆಸರನ್ನೂ ಓದಿದ್ದೆ. ‘ಈ ಕಣ್ಣಿಗೆ ಜನ್ಮದಲ್ಲಿ ಕನ್ನಡಕ ಬೇಡಮ್ಮ, ನನ್ನ ವ್ಯಾಪಾರ ಮುಳುಗಿಸೋಕೇ ಬಂದಿದ್ದೀಯ’ ಎಂದಿದ್ದೆ.

ಈಗ ಎಡಗಡೆ ಹಿಂದಿನ ಕಿಟಕಿಯ ಗಾಜು ಇಳಿದರೆ ಏರುವುದಿಲ್ಲ. ಆ ಜಾಗದಲ್ಲಿ ಯಾರೂ ಕೂರುವುದಿಲ್ಲ, ನಿಜ. ಆದರೂ ಹಾಗೇ ಬಿಡಲಾಗುತ್ತದೆಯೇ?

ಇತಿ,
ಕಾರಿನ ಮಾಲೀಕ


ಮಾರ್ಚ್ 6

ಬಾಗಿಲ ಒಳಹಲಗೆ ಬಿಚ್ಚಿದರೆ ಗಾಜನ್ನು ಹಿಡಿದಿರುವ ಪ್ಲಾಸ್ಟಿಕ್ ಕ್ಲಿಪ್ ಕಾಣುತ್ತದೆ. ಅದು ಮುರಿದಿರುತ್ತದೆ. ಹೊಸ ಕ್ಲಿಪ್ ಹಾಕುವವರೆಗೆ ಗಾಜನ್ನು ಮೇಲಕ್ಕೆತ್ತಿ ಅಂಟುಪಟ್ಟಿ ಹಾಕಿಡಿ. ಒಳಹಲಗೆಯನ್ನು ಕಬ್ಬಿಣದಲ್ಲಿ ಮೀಟಬೇಡಿ, ಬಣ್ಣ ಏಳುತ್ತದೆ. ಅಡುಗೆಮನೆಯ ಮರದ ಸಟ್ಟುಗ ಸಾಕು.

ನನ್ನ ಬಗ್ಗೆ ಏನೂ ಬರೆಯುವುದಿಲ್ಲ ಎಂದು ಬೇಸರ ಪಟ್ಟುಕೊಳ್ಳಬೇಡಿ. ಬರೆಯುವಂಥದ್ದು ಇಲ್ಲ. ಲಿಫ್ಟಿನ ಕೆಳಗಿನ ಗುಂಡಿಯಲ್ಲಿ ಕೆಲಸ ಮಾಡುವಾಗ ಬಾಗಿಲಿನ ಆಚೆಯಿಂದ ಜನರ ಮಾತು ಕೇಳಿಸುತ್ತದೆ. ‘ಅಮ್ಮನಿಗೆ ಹೇಳ್ಬೇಡ’, ‘ಮಗು ಥೇಟ್ ಅಜ್ಜನ ಹಾಗೇ ಇದೆ’, ‘ನೀವು ಮನೆಗೆ ಹೋಗಿ, ನಾನಿರ್ತೀನಿ’. ಎಲ್ಲರ ಮನೆಯ ಮಾತೂ ಅರ್ಧರ್ಧ ಗೊತ್ತು ನನಗೆ. ಸಂಜೆ ರೂಮಿಗೆ ಬಂದು ಬೀಗ ತೆಗೆದರೆ ನನ್ನ ಜೊತೆ ಮಾತಾಡುವುದು ಫ್ರಿಜ್ ಒಂದೇ. ಅದಕ್ಕೂ ರಿಪೇರಿ ಬೇಕು, ಮಾಡುತ್ತಿಲ್ಲ. ಸುಮ್ಮನಾಗಿಬಿಟ್ಟರೆ ಏನು ಮಾಡಲಿ.

ಇತಿ,
ಲಿಫ್ಟ್ ಮೆಕ್ಯಾನಿಕ್


ಮಾರ್ಚ್ 22

ಕಿಟಕಿ ಸರಿಯಾಯಿತು. ಸಟ್ಟುಗ ಮುರಿಯಿತು.

ಹಳೆಯ ಪುಸ್ತಕದಂಗಡಿಯಲ್ಲಿ ಧಣಿಗಳ ಜಾತಕವೇ ಸಿಕ್ಕಿತು. ದಪ್ಪ ರಿಪೇರಿ ಪುಸ್ತಕ, ಈ ಮಾದರಿಯಲ್ಲಿ ಬಂದ ಎಲ್ಲ ಗಾಡಿಗಳದ್ದೂ ಒಂದರಲ್ಲೇ ಇದೆ. ಸಂಜೆ ಅಂಗಡಿ ಮುಚ್ಚಿ ಮಹಡಿ ಹತ್ತಿದ ಮೇಲೆ ಅದನ್ನೇ ಓದುತ್ತಿದ್ದೇನೆ. ಓದಿದಷ್ಟೂ ಒಂದೊಂದೇ ತೊಂದರೆ ಕಾಣಿಸುತ್ತಿದೆ. ಈಗ ನೋಡು, ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಆಗಲು ಬಹಳ ಸತಾಯಿಸುತ್ತಿದೆ. ಪುಸ್ತಕದ ಪ್ರಕಾರ, ಎಂಜಿನ್ನನ್ನು ಮೊದಲು ಬಿಸಿ ಮಾಡುವ ಗ್ಲೋ ಪ್ಲಗ್ ಎಂಬುದು ಕಾಯುತ್ತಿಲ್ಲ. ನಾನು ಏನು ಮಾಡಬೇಕು? ಅವಸರವಿಲ್ಲ, ಆದರೆ ಬೇಗ ಬರೆ.

ಮಗ ಭಾನುವಾರ ಬಂದಿದ್ದ. ಚೆನ್ನಾಗಿದ್ದಾನೆ.

ಇತಿ,
ಕಾರಿನ ಮಾಲೀಕ


ಮಾರ್ಚ್ 29

ಮಾವ,

ಗ್ಲೋ ಪ್ಲಗ್ ಬಹಳ ಸೂಕ್ಷ್ಮದ ವಸ್ತು. ನಿಮ್ಮಂಥವರೇ ಮಾಡಬೇಕಾದ ಕೆಲಸ. ಬಿಚ್ಚಿ, ಒಣ ಬಟ್ಟೆಯಲ್ಲಿ ಒರೆಸಿ, ವಾಪಸು ಹಾಕಿ. ಒಂದು ವಾರ ಓಡಿಸಿ ನೋಡಿ. ಹೇಗಿದೆ ಎಂದು ಬರೆಯಿರಿ.

ಇತಿ,
ಲಿಫ್ಟ್ ಮೆಕ್ಯಾನಿಕ್


ಏಪ್ರಿಲ್ 8

ಒರೆಸಿ ಹಾಕಿದೆ. ಏನು ಹೇಳಲಿ, ಗಾಡಿ ಹೊಸದಾಗಿದೆ! ಮುಟ್ಟಿದರೆ ಸಾಕು, ಸ್ಟಾರ್ಟ್ ಆಗುತ್ತದೆ. ನಿನ್ನ ಕೈಗುಣ ಕಾಗದದಲ್ಲೂ ಕೆಲಸ ಮಾಡುತ್ತದೆ.

ನಿನ್ನ ಕಾಗದದ ಮೊದಲನೆಯ ಪದವನ್ನು ಭೂತಗನ್ನಡಿ ಇಲ್ಲದೆಯೇ ಓದಿದೆ. ಅದನ್ನು ಎಷ್ಟು ಸಲ ಓದಿದೆ ಎಂದು ಹೇಳುವುದಿಲ್ಲ, ನೀನು ಆಡಿಕೊಳ್ಳುತ್ತೀಯ.

ಈ ಸಂತೋಷದಲ್ಲಿರುವಾಗಲೇ ಮುಂದಿನ ಪುಟ ತಿರುಗಿಸಿದೆ. ಇಂಧನದಿಂದ ನೀರು ಬೇರೆ ಮಾಡುವ ಒಂದು ಬಟ್ಟಲಿದೆಯಂತೆ. ಅದು ತುಂಬಿರಬಹುದು ಎಂಬ ಅನುಮಾನ ನನಗೆ ಬಹಳ ದಿನದಿಂದ ಇದೆ.


ಏಪ್ರಿಲ್ 15

ಮಾವ,

ನನಗೂ ಅದೇ ಅನುಮಾನ. ಬಟ್ಟಲನ್ನು ಖಾಲಿ ಮಾಡಿ, ಒಣ ಬಟ್ಟೆಯಲ್ಲಿ ಒರೆಸಿ, ವಾಪಸು ಹಾಕಿ. ಆಮೇಲೆ ಪುಸ್ತಕದಲ್ಲಿ ಇನ್ನೂ ಎಷ್ಟು ಪುಟ ಉಳಿದಿದೆ ಎಂದು ತಿಳಿಸಿ. ಬಹಳ ಉಳಿದಿದ್ದರೆ ಒಳ್ಳೆಯದು.

ಫ್ರಿಜ್ ನಿಂತುಹೋಯಿತು. ರಿಪೇರಿ ಮಾಡಿದೆ. ಈಗ ಸದ್ದೇ ಇಲ್ಲ.


ಮೇ 20

ನಿನ್ನ ಕಾಗದ ತಲುಪಿತು. ಉತ್ತರ ತಡವಾಯಿತು.

ಕಾರು ಈಗ ಎಲ್ಲ ರೀತಿಯಲ್ಲೂ ಸರಿಯಾಗಿದೆ. ಇನ್ನು ಮುಂದೆ ನಿನಗೆ ತೊಂದರೆ ಕೊಡುವ ಸಂದರ್ಭ ಬರಲಾರದು. ಇದುವರೆಗಿನ ಸಹಾಯಕ್ಕೆ ವಂದನೆಗಳು. ಆರೋಗ್ಯ ನೋಡಿಕೊ.

ಇತಿ,
ಕಾರಿನ ಮಾಲೀಕ


ಮೇ 29

ಮಾವ,

ನಿಮಗೆ ಗೊತ್ತಾಗಿಹೋಯಿತು ಅಲ್ಲವೇ? ಯಾರೋ ಹೇಳಿರಬೇಕು, ಅಥವಾ ನೀವೇ ಪುಸ್ತಕ ಸರಿಯಾಗಿ ಓದಿರಬೇಕು. ಗ್ಲೋ ಪ್ಲಗ್ ಇರುವುದು ಡೀಸೆಲ್ ಗಾಡಿಗೆ. ನೀರಿನ ಬಟ್ಟಲೂ ಅದಕ್ಕೇ. ನಮ್ಮ ಧಣಿ ಪೆಟ್ರೋಲಿನವರು. ಪುಸ್ತಕದಲ್ಲಿ ಎರಡೂ ಗಾಡಿಗಳ ಪುಟಗಳು ಬೆರೆತಿವೆ. ನೀವು ಇಲ್ಲದ ವಸ್ತುವಿನ ಕಾಯಿಲೆ ಬರೆದಿರಿ, ನಾನು ಇಲ್ಲದ ವಸ್ತುವಿಗೆ ಮದ್ದು ಬರೆದೆ.

ನಿಮ್ಮನ್ನು ಆಟ ಆಡಿಸಿದೆ ಎಂದು ನೊಂದುಕೊಂಡಿರಬೇಕು. ಆಣೆಗೂ ಹಾಗಲ್ಲ. ನಿಮ್ಮ ಗ್ಲೋ ಪ್ಲಗ್ ಕಾಗದ ಓದಿದ ಕೂಡಲೇ ನನಗೆ ತಿಳಿಯಿತು, ಗಾಡಿ ಪೂರ್ತಿ ಗುಣವಾಗಿದೆ, ಬರೆಯಲು ನೆಪ ಮುಗಿದಿದೆ ಎಂದು. ‘ಅಂಥ ವಸ್ತು ಇಲ್ಲ ಮಾವ’ ಎಂದು ನಿಜ ಹೇಳಿಬಿಟ್ಟರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ನಾನು ಹೆದರಿದೆ. ಜಗಳವಾಡಿದ್ದು ನಿಮ್ಮ ಮಗ ಮತ್ತು ನಾನು. ಮನೆ ಬಿಟ್ಟಾಗ ಒಂದು ಸೂಟ್‌ಕೇಸ್ ತೆಗೆದುಕೊಂಡು ಬಂದೆ, ನಿಮ್ಮನ್ನು ತರಲಾಗಲಿಲ್ಲ.

ಸಿಟ್ಟು ಬಂದಿದ್ದರೆ ಬೈದು ಬರೆಯಿರಿ. ಬರೆಯದೆ ಮಾತ್ರ ಇರಬೇಡಿ.

ಇತಿ,
ಲಿಫ್ಟ್ ಮೆಕ್ಯಾನಿಕ್


ಜುಲೈ 14

ಕನ್ನಡಕದ ಅಂಗಡಿಯ ಮಾಲೀಕರಿಗೆ,

ಮಾನ್ಯರೇ,

ನಿಮ್ಮ ಮನೆಗೆ ಬರೆದ ಕಾಗದಕ್ಕೆ ಒಂದೂವರೆ ತಿಂಗಳಾದರೂ ಉತ್ತರವಿಲ್ಲ. ಆದ್ದರಿಂದ ಗಿರಾಕಿಯಾಗಿ ಅಂಗಡಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಗಿರಾಕಿಗಳಿಗೆ ತಪ್ಪದೆ ಉತ್ತರ ಕೊಡುವವರು ಎಂದು ನಿಮ್ಮ ಬಗ್ಗೆ ಕೇಳಿದ್ದೇನೆ.

ನನ್ನ ಕನ್ನಡಕದ ಬಲಗಡೆಯ ಕಾಲು ಸಡಿಲವಾಗಿದೆ. ತಿರುಪು ಎಷ್ಟು ಬಿಗಿ ಮಾಡಿದರೂ ನಿಲ್ಲುವುದಿಲ್ಲ, ಬಗ್ಗಿದರೆ ಜಾರಿ ಬೀಳುತ್ತದೆ. ಇಲ್ಲಿಯ ಅಂಗಡಿಗಳ ಮೇಲೆ ನನಗೆ ನಂಬಿಕೆಯಿಲ್ಲ. ನಾನೇ ರಿಪೇರಿ ಮಾಡಿಕೊಳ್ಳಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಇತಿ,
ಒಬ್ಬ ಗಿರಾಕಿ


ಜುಲೈ 22

ಪ್ರೀತಿಯ ಸೊಸೆಗೆ,

ಈ ಸಲ ಹಾಳೆ ಹರಿಯಲಿಲ್ಲ.

ಮೊದಲು ನಿನ್ನ ತಪ್ಪು ತಿದ್ದುತ್ತೇನೆ. ನನಗೆ ಯಾರೂ ಹೇಳಲಿಲ್ಲ, ಸಿಟ್ಟೂ ಬರಲಿಲ್ಲ. ಗ್ಲೋ ಪ್ಲಗ್ ಇಲ್ಲವೆಂದು ಏಪ್ರಿಲ್ ಮೊದಲಲ್ಲೇ ತಿಳಿಯಿತು. ನಿನ್ನ ಕಾಗದ ಕೈಯಲ್ಲಿ ಹಿಡಿದು, ಒಣ ಬಟ್ಟೆ ಹೆಗಲ ಮೇಲೆ ಹಾಕಿಕೊಂಡು, ಎಂಜಿನ್ನಿನೊಳಗೆ ಇಣುಕಿ ಇಣುಕಿ ಹುಡುಕಿದೆ. ಕೊನೆಗೆ ಪುಸ್ತಕದ ಆ ಪುಟದ ತಲೆಯಲ್ಲಿ ‘ಡೀಸೆಲ್’ ಎಂದಿದ್ದದ್ದು ಕಾಣಿಸಿತು. ಊರಿನವರಿಗೆಲ್ಲ ಕನ್ನಡಕ ಕೊಡುವವನಿಗೆ ಅಷ್ಟು ದೊಡ್ಡ ಅಕ್ಷರ ಕಂಡಿರಲಿಲ್ಲ. ಆಮೇಲೆ ಹೊಳೆಯಿತು, ಈ ಹುಡುಗಿಗೆ ಇದು ಗೊತ್ತಿಲ್ಲದೇ ಇರುತ್ತದೆಯೇ? ಗೊತ್ತಿದ್ದೂ ಒರೆಸಿ ಹಾಕಿ ಎಂದಿದ್ದಾಳೆ. ಬಾನೆಟ್ ತೆರೆದಿಟ್ಟುಕೊಂಡೇ ಮಕ್ಕಳ ಹಾಗೆ ನಕ್ಕೆ. ಈ ಮನೆ ಖಾಲಿಯಾದ ಮೇಲೆ ಅಷ್ಟು ನಕ್ಕಿದ್ದು ಅದೇ ಮೊದಲು. ನೀರಿನ ಬಟ್ಟಲನ್ನು ಗೊತ್ತಿದ್ದೇ ಬರೆದೆ.

ನಾನು ಸುಮ್ಮನಾದ ಕಾರಣ ಬೇರೆ. ಮಗ ಮತ್ತೆ ಮದುವೆಯಾಗುತ್ತಿದ್ದಾನೆ. ಹುಡುಗಿ ಒಳ್ಳೆಯವಳು. ಮೇ ತಿಂಗಳಲ್ಲಿ ಅವನು ಮನೆಗೆ ಬಂದಾಗ ನಿನ್ನ ಕಾಗದ ಮೇಜಿನ ಮೇಲಿತ್ತು. ‘ಅಪ್ಪಾ, ಅವಳು ಮನೆಗೆ ಬಂದ್ಮೇಲೆ ಇನ್ನೊಬ್ಬಳಿಂದ ಮಾವ ಅಂತ ಕಾಗದ ಬಂದ್ರೆ ಚೆನ್ನಾಗಿರುತ್ತಾ?’ ಎಂದು ಕೇಳಿದ. ಜೋರು ಮಾಡಲಿಲ್ಲ, ಮೆತ್ತಗೇ ಕೇಳಿದ. ಇರುವುದು ಒಬ್ಬನೇ ಮಗ. ನಾನು ತಲೆಯಾಡಿಸಿದೆ. ನಿನಗೆ ಆ ಒಣಕಲು ಕಾಗದ ಬರೆದು, ಧಣಿಗಳನ್ನೂ ಮಾರಿಬಿಟ್ಟೆ. ಗಾಡಿ ಕಣ್ಣೆದುರಿದ್ದರೆ ಏನಾದರೂ ಕೆಟ್ಟಿದೆ ಎಂದು ನಿನಗೆ ಬರೆದೇ ಬರೆಯುತ್ತಿದ್ದೆ. ಕೊಂಡವರು ಕೀಲಿಕೈ ತಿರುಗಿಸಿದ ಕೂಡಲೇ ಧಣಿಗಳು ಎದ್ದು ನಿಂತರು, ಒಂದು ಸಲವೂ ತಿರುಗಿ ನೋಡದೆ ಹೊರಟುಹೋದರು. ಗ್ಯಾರೇಜು ಈಗ ಎಷ್ಟು ದೊಡ್ಡದಾಗಿ ಕಾಣುತ್ತದೆಂದರೆ ಒಳಗೆ ಹೋಗಲು ಮನಸ್ಸಾಗುವುದಿಲ್ಲ. ನಿನ್ನ ಮೇ ತಿಂಗಳ ಕಾಗದ ಓದಿದೆ, ಉತ್ತರ ಬರೆದೆ, ಅಂಚೆ ಪೆಟ್ಟಿಗೆಗೆ ಹಾಕಲಿಲ್ಲ. ದಿನಾ ಬೆಳಿಗ್ಗೆ ಅಂಗಡಿ ತೆರೆದೆ, ಸಂಜೆ ಮುಚ್ಚಿದೆ. ಅಷ್ಟೇ ನಡೆದದ್ದು.

ನಿನ್ನ ಗಿರಾಕಿ ಕಾಗದ ಬಂದಾಗ ಮಗ ಅಂಗಡಿಯಲ್ಲೇ ನಿಂತಿದ್ದ. ‘ಯಾರದು?’ ಎಂದ. ‘ಯಾರೋ ಗಿರಾಕಿ’ ಎಂದೆ. ಅವನು ಸರಿ ಎಂದು ಹೊರಟ. ನಾನು ನಿಂತಲ್ಲೇ ಕಾಗದ ಓದಿದೆ. ಕನ್ನಡಕ! ಅಚ್ಚುಕೂಟದ ಹೆಸರು ಓದಿದ ಕಣ್ಣಿಗೆ ಕನ್ನಡಕ! ನಿನ್ನನ್ನು ಗಿರಾಕಿ ಎಂದ ನಾಲಿಗೆ ಕಹಿಯಾಯಿತು. ಅಂಗಡಿ ಬಾಗಿಲು ತೆರೆದಿಟ್ಟೇ ಅವನ ಹಿಂದೆ ಓಡಿದೆ, ರಸ್ತೆಯ ತಿರುವಿನಲ್ಲಿ ಹಿಡಿದೆ. ಉಸಿರು ಬರುತ್ತಿರಲಿಲ್ಲ.

‘ಗಿರಾಕಿ ಅಲ್ಲ ಕಣೋ. ಅವಳದೇ. ಮಾವ ಅಂತ ಅವಳು ಕರೆದ್ರೂ ಓಗೊಡ್ತೀನಿ, ನಾಳೆ ಬರೋಳು ಕರೆದ್ರೂ ಓಗೊಡ್ತೀನಿ. ನೀನು ಬಿಟ್ಟೆ ಅಂತ ನಾನೂ ಬಿಡ್ಬೇಕಾ?’ ಎಂದೆ.

ಅವನು ತಿರುಗಿ ಅಂಗಡಿಯ ಕಡೆ ನೋಡಿದ. ಆಮೇಲೆ ‘ಬಾಗಿಲು ತೆಗೆದಿಟ್ಟು ಬಂದಿದ್ದೀರಾ, ನಡೀರಿ’ ಎಂದು ನನ್ನನ್ನು ಅಂಗಡಿಯವರೆಗೂ ಕರೆತಂದು ಬಿಟ್ಟು ಹೋದ. ಹೂಂ ಎನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ಹೋದ ಭಾನುವಾರ ಬರಲಿಲ್ಲ. ಬರುತ್ತಾನೆ. ಬರದಿದ್ದರೂ ಈ ಕಾಗದ ಪೆಟ್ಟಿಗೆಗೆ ಹಾಕುತ್ತೇನೆ.

ಇನ್ನು ನಿನ್ನ ಕನ್ನಡಕದ ವಿಷಯ. ಅದು ಬಹಳ ಸೂಕ್ಷ್ಮದ ವಸ್ತು. ತಿರುಪು ಬಿಚ್ಚಿ, ಒಣ ಬಟ್ಟೆಯಲ್ಲಿ ಒರೆಸಿ, ವಾಪಸು ಹಾಕು. ಒಂದು ವಾರ ಹಾಕಿಕೊಂಡು ಓಡಾಡು. ಹೇಗಿದೆ ಎಂದು ಬರೆ. ಅಂಗಡಿಗೆ ಬೇಡ, ಮನೆಗೇ ಬರೆ.

ಇತಿ,
ನಿನ್ನ ಮಾವ